ಶಾಸನಸಭೆಯ ಸಂಖ್ಯೆಯೂ ಆಯುಷ್ಯವೂ

ಶಾಸನಸಭೆಯಲ್ಲಿ ಎಷ್ಟು ಮಂದಿ ಸದಸ್ಯರಿರಬೇಕು, ಅವರು ಎಷ್ಟು ವರ್ಷ ಕುಳಿತಿರಬೇಕು ಎಂಬ ವಿಷಯವು ಮೇಲುನೋಟಕ್ಕೆ ವಕೀಲರ ಪುಸ್ತಕಕ್ಕೆ ಸೇರಿದ ಒಣ ಲೆಕ್ಕದಂತೆ ತೋರುವುದು. ಚುನಾವಣೆಯ ಕಾಲದಲ್ಲಿ ನಮ್ಮ ಜನರು ಕಟ್ಟೆಯ ಮೇಲೆ ಕುಳಿತು ಅಭ್ಯರ್ಥಿಯ ಗುಣದೋಷಗಳನ್ನು ಚರ್ಚಿಸುವರೇ ಹೊರತು ಈ ಎರಡು ಅಂಕಿಗಳ ಗೊಡವೆಗೆ ಹೋಗುವುದಿಲ್ಲ. ಆದರೆ ಪ್ರಜೆಯು ತನ್ನ ಅಧಿಕಾರವನ್ನು ಇನ್ನೊಬ್ಬರಿಗೆ ಒಪ್ಪಿಸುವ ಕರಾರಿನಲ್ಲಿ ಮುಖ್ಯವಾದ ಷರತ್ತುಗಳು ಇವೆರಡೇ: ಎಷ್ಟು ಜನರ ಕೈಗೆ, ಎಷ್ಟು ಕಾಲದ ವರೆಗೆ. ಇವನ್ನು ಅರಿಯದೆ ಮತ ಕೊಡುವವನು ದಸ್ತಾವೇಜನ್ನು ಓದದೆ ಸಹಿ ಹಾಕಿದ ಕಕ್ಷಿಗಾರನಂತೆ.

ಸಂಖ್ಯೆಯ ಬೆಲೆಯನ್ನು ಕನ್ನಡಿಗರು ಕಷ್ಟಪಟ್ಟು ಕಲಿತವರು. 1935ರ ಹಿಂದುಸ್ಥಾನ ಸರಕಾರದ ಕಾಯಿದೆಯ ಮೇರೆಗೆ ಮುಂಬಯಿಯ ಅಸೆಂಬ್ಲಿಯಲ್ಲಿ 175, ಮದ್ರಾಸಿನ ಅಸೆಂಬ್ಲಿಯಲ್ಲಿ 215 ಸ್ಥಾನಗಳಿದ್ದವು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳ ಪ್ರತಿನಿಧಿಗಳು ಮೊದಲನೆಯದರಲ್ಲಿ ಮರಾಠಿ ಗುಜರಾತಿ ಸದಸ್ಯರ ನಡುವೆ ಅಲ್ಪಸಂಖ್ಯರಾಗಿ ಕುಳಿತರು. ಬಳ್ಳಾರಿ, ದಕ್ಷಿಣ ಕನ್ನಡಗಳವರು ಎರಡನೆಯದರಲ್ಲಿ ತಮಿಳು ತೆಲುಗು ಸದಸ್ಯರ ನಡುವೆ ಇನ್ನೂ ಅಲ್ಪಸಂಖ್ಯರಾದರು. ಕೊಡಗಿಗೆ 20 ಜನರ ಪುಟ್ಟ ಕೌನ್ಸಿಲು. ಹೈದರಾಬಾದಿನ ಕೆಳಗಿದ್ದ ಬೀದರ, ಕಲಬುರ್ಗಿ, ರಾಯಚೂರುಗಳಿಗೆ ವಯಸ್ಕರೆಲ್ಲರ ಮತದಿಂದ ಆದ ಶಾಸನಸಭೆಯು 1952ರಲ್ಲಿಯೇ ಮೊದಲು ದೊರೆತದ್ದು. ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಸೇರಿದ್ದರೂ ಅದು ಬಹುಕಾಲ ಅಹವಾಲು ಹೇಳಿಕೊಳ್ಳುವ ಸಭೆಯಾಗಿಯೇ ಉಳಿಯಿತು. ಹೀಗೆ ಮೈಸೂರಿನ ಹೊರಗೆ ಕನ್ನಡಿಗನ ಬೇಡಿಕೆಯು ಯಾವ ಸಭೆಯಲ್ಲಿಯೂ ತನ್ನ ಬಲದಿಂದಲೇ ಠರಾವಾಗುವಂತಿರಲಿಲ್ಲ.

1956ನೆಯ ಇಸವಿ ನವೆಂಬರ 1ರಂದು ಈ ಚೆದುರಿದ ಭಾಗಗಳು ಒಂದಾದವು. 1952ರಲ್ಲಿ 99 ಸ್ಥಾನಗಳಿದ್ದ ಮೈಸೂರಿನ ವಿಧಾನಸಭೆಯು 1957ರ ಚುನಾವಣೆಗೆ 208 ಸ್ಥಾನಗಳ ಸಭೆಯಾಯಿತು. ಸ್ಥಾನಗಳು 1967ರಲ್ಲಿ 216 ಆಗಿ, 1978ರಲ್ಲಿ 224 ಆಗಿ, ಅಲ್ಲಿಗೆ ನಿಂತುಬಿಟ್ಟವು. ಜನಸಂಖ್ಯೆ ಮಾತ್ರ ನಿಲ್ಲಲಿಲ್ಲ. 1971ರ ಗಣತಿಯಲ್ಲಿ 2.93 ಕೋಟಿಯಿದ್ದ ಜನರು 2011ರ ಗಣತಿಗೆ 6.11 ಕೋಟಿಯಾದರು. 224ರಿಂದ ಭಾಗಿಸಿದರೆ, ಮೊದಲು 1.31 ಲಕ್ಷ ಜನರಿಗೆ ಒಬ್ಬನಂತಿದ್ದ ಪ್ರತಿನಿಧಿಯು ಆಮೇಲೆ 2.73 ಲಕ್ಷ ಜನರಿಗೆ ಒಬ್ಬನಾದನು. ಹಳ್ಳಿಯ ಕೆರೆಯ ಏರಿ ಒಡೆದರೆ ಅವನನ್ನು ಕಂಡು ಹೇಳಿಕೊಳ್ಳಬೇಕಾದವರ ಸಾಲು ಎರಡರಷ್ಟು ಉದ್ದವಾಯಿತೆಂದೇ ಇದರರ್ಥ.

ಇದಕ್ಕೆ ಕಾರಣ ಸಂವಿಧಾನದ ತಿದ್ದುಪಡಿಗಳು. 1976ರ 42ನೆಯ ತಿದ್ದುಪಡಿಯು ಲೋಕಸಭೆಯ ಸ್ಥಾನಗಳ ಹಂಚಿಕೆಯನ್ನೂ ರಾಜ್ಯಸಭೆಗಳ ಒಟ್ಟು ಸಂಖ್ಯೆಗಳನ್ನೂ 1971ರ ಗಣತಿಗೆ ಕಟ್ಟಿಹಾಕಿತು. 2001ರ 84ನೆಯ ತಿದ್ದುಪಡಿಯು ಆ ಕಟ್ಟನ್ನು 2026ರ ನಂತರದ ಮೊದಲ ಗಣತಿಯ ವರೆಗೆ ಮುಂದುವರಿಸಿತು. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ದಿಲ್ಲಿಯಲ್ಲಿ ನಷ್ಟವಾಗಬಾರದೆಂಬುದು ಇದರ ಉದ್ದೇಶ. ಲೋಕಸಭೆಯ ಮಟ್ಟಿಗೆ ಈ ವಾದವು ನ್ಯಾಯವಾದುದೆಂದೇ ನಾವು ಹೇಳುವೆವು. ಅಲ್ಲಿ ಒಬ್ಬರ ಪಾಲು ಹೆಚ್ಚಿದರೆ ಇನ್ನೊಬ್ಬರ ಪಾಲು ಕುಗ್ಗುವುದು. ಆದರೆ ನಮ್ಮ ರಾಜ್ಯದ ಸಭೆಗೆ ಹತ್ತು ಸ್ಥಾನಗಳು ಕೂಡಿದರೆ ನೆರೆಯ ರಾಜ್ಯದವರ ಸಭೆಯಲ್ಲಿ ಒಂದೂ ಕಡಿಮೆಯಾಗದು. ಸಂವಿಧಾನದ 170ನೆಯ ಕಲಮು ಇಂಥ ಸಭೆಗೆ 60ರಿಂದ 500ರ ವರೆಗೆ ಅವಕಾಶವಿತ್ತಿದೆ. ಸುಮ್ಮನೆ ಸಂಖ್ಯೆಯನ್ನು ಬೆಳೆಸಿ ಭತ್ಯದ ಖರ್ಚನ್ನು ಏರಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಈ ಎರಡು ಪ್ರಶ್ನೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟಬಾರದೆಂದಷ್ಟೇ ನಮ್ಮ ಮಾತು.

ಮೇಲ್ಮನೆಯ ಕುರಿತು ಉಪಾಧ್ಯಾಯ ಬಂಧುಗಳಿಗೆ ಒಂದು ಮಾತು. ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ವಿಧಾನಸಭೆಯವರು, 25ನ್ನು ಸ್ಥಳೀಯ ಸಂಸ್ಥೆಯವರು, 7ನ್ನು ಪದವೀಧರರು, 7ನ್ನು ಉಪಾಧ್ಯಾಯರು ಆರಿಸುವರು. 11 ಜನರು ನಾಮಕರಣ ಹೊಂದುವರು. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಪಾಲು ನಿವೃತ್ತಿ. ಆದರೆ ಉಪಾಧ್ಯಾಯರ ಮತವು ಮಾಧ್ಯಮಿಕ ಶಾಲೆಗೆ ಕಡಿಮೆಯಿಲ್ಲದ ಸಂಸ್ಥೆಗಳವರಿಗೆ ಮಾತ್ರ ಉಂಟು. ಮಕ್ಕಳಿಗೆ ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಮಾಸ್ತರನಿಗೆ ಅದಿಲ್ಲ. ಈ ಭೇದವು ಯಾವ ನ್ಯಾಯದ್ದೋ ನಮಗೆ ತಿಳಿಯದು.

ಇನ್ನು ಅವಧಿಯ ಮಾತು. ವಿಧಾನಸಭೆಗೆ ಐದು ವರ್ಷ. ಅದನ್ನು ಮೊದಲನೆಯ ಬೈಠಕಿಗೆ ಗೊತ್ತುಪಡಿಸಿದ ದಿನದಿಂದ ಎಣಿಸತಕ್ಕದ್ದು ಎಂದು 172ನೆಯ ಕಲಮು ಹೇಳುವುದು. ಇಷ್ಟು ಸ್ಪಷ್ಟವಾದ ನಿಯಮವನ್ನೂ ಅಧಿಕಾರಸ್ಥರು ಎರಡು ದಿಕ್ಕಿನಲ್ಲಿ ಎಳೆದಿದ್ದಾರೆ. 1937ರಲ್ಲಿ ಆರಿಸಿದ ಮುಂಬಯಿ, ಮದ್ರಾಸುಗಳ ಸಭೆಗಳಿಗೂ ಐದೇ ವರ್ಷದ ಅವಧಿಯಿತ್ತು. 1939ರಲ್ಲಿ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟ ಮೇಲೆ ಗವರ್ನರರು ತಾವೇ ಆಳಿದರು, ಯುದ್ಧದ ನೆವದಿಂದ ಮತದಾರನನ್ನು 1946ರ ವರೆಗೆ ಕೇಳಲಿಲ್ಲ. ಸ್ವರಾಜ್ಯ ಬಂದ ಮೇಲೆಯೂ 42ನೆಯ ತಿದ್ದುಪಡಿಯು ಐದನ್ನು ಆರು ಮಾಡಿತು. 1972ರ ಮಾರ್ಚಿನಲ್ಲಿ ಕೂಡಿದ ನಮ್ಮ ಸಭೆಯು ಮತದಾರನನ್ನು ಕೇಳದೆಯೇ 1977ರ ಕೊನೆಯ ವರೆಗೆ ಉಳಿಯಿತು. 1978ರ 44ನೆಯ ತಿದ್ದುಪಡಿಯಿಂದ ಐದು ವರ್ಷ ಮರಳಿ ಬಂದಿತು.

ಹಿಗ್ಗಿಸಿದಂತೆ ಕುಗ್ಗಿಸಿದುದೂ ಉಂಟು. 1989ರ ಎಪ್ರಿಲಿನಲ್ಲಿ ಶ್ರೀ ಎಸ್. ಆರ್. ಬೊಮ್ಮಾಯಿಯವರ ಮಂತ್ರಿಮಂಡಲವನ್ನು, ಬಹುಮತವನ್ನು ಸಭೆಯಲ್ಲಿ ಪರೀಕ್ಷಿಸದೆಯೇ, ವಜಾ ಮಾಡಿ ಸಭೆಯನ್ನು ವಿಸರ್ಜಿಸಲಾಯಿತು. ಇದು ತಪ್ಪೆಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪಿತ್ತಿತು. ಪಾರ್ಲಿಮೆಂಟಿನ ಎರಡೂ ಮನೆಗಳು ಒಪ್ಪುವವರೆಗೆ ಸಭೆಯನ್ನು ವಿಸರ್ಜಿಸಬಾರದೆಂದೂ ವಿಧಿಸಿತು. ಕನ್ನಡನಾಡಿನ ವ್ಯಾಜ್ಯದಿಂದ ದೇಶಕ್ಕೆಲ್ಲ ರಕ್ಷಣೆ ದೊರೆಯಿತೆಂಬುದು ಹೆಮ್ಮೆಯ ವಿಷಯವೇ. ಆದರೆ ಆ ಸಭೆಗೆ ಹೋದ ಆಯುಷ್ಯ ಹೋದದ್ದೇ.

ಮೂರನೆಯ ಅಪಾಯವು ಸದಸ್ಯರಿಂದಲೇ ಬಂದಿದೆ. 2018ರ ಮೇ ತಿಂಗಳಲ್ಲಿ ಆರಿಸಿ ಬಂದವರಲ್ಲಿ 17 ಮಂದಿಯನ್ನು 2019ರಲ್ಲಿ ಸಭಾಧ್ಯಕ್ಷರು ಅನರ್ಹರೆಂದು ಸಾರಿದರು. ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದರೂ, ಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲಕೂಡದೆಂಬ ಭಾಗವನ್ನು ತಳ್ಳಿಹಾಕಿತು. ಡಿಸೆಂಬರದಲ್ಲಿ 15 ಕ್ಷೇತ್ರಗಳ ಮತದಾರರು ಮತ್ತೆ ಮತಪೆಟ್ಟಿಗೆಯ ಬಳಿ ನಿಲ್ಲಬೇಕಾಯಿತು. ಅವರಲ್ಲಿ ಹಲವರು ಬೇರೆ ಪಕ್ಷದ ಚಿಹ್ನೆಯಿಂದ ಅದೇ ಪೀಠಕ್ಕೆ ಮರಳಿದರು. ತೀರ್ಪಿಗೆ ನಾವು ತಲೆಬಾಗುವೆವು. ಕಾಯಿದೆಯ ಈ ಕೊರತೆಯನ್ನು ತುಂಬುವ ಕೆಲಸ ಪಾರ್ಲಿಮೆಂಟಿನದು. ಪಕ್ಷ ಬಿಡುವ ಸ್ವಾತಂತ್ರ್ಯ ಸದಸ್ಯನಿಗಿರಲಿ, ಆದರೆ ತನ್ನ ಬಿಡುಗಡೆಯ ಲಾಭವನ್ನು ಅದೇ ಅವಧಿಯಲ್ಲಿ ಉಣ್ಣುವಂತಾಗಬಾರದು.

ಐದು ವರ್ಷವು ಮಂತ್ರಿಯ ಜಹಗೀರಲ್ಲ, ಸದಸ್ಯನ ಸ್ವತ್ತಲ್ಲ. ಅದು ಮತದಾರನು ಕಾಲವನ್ನು ಗೊತ್ತುಪಡಿಸಿ ಕೊಟ್ಟ ಎರವು. ಸ್ಥಾನಗಳ ಲೆಕ್ಕವನ್ನು ಹೊಸದಾಗಿ ಮಾಡುವ ಸಮಯವು ಬಂದಾಗ ಗಡಿರೇಖೆಗಳ ಕರಡು ಪ್ರಕಟವಾಗುವುದು, ಜನರ ಆಕ್ಷೇಪಣೆಗಳನ್ನು ಕೇಳುವರು. ಪಟ್ಟಣದ ಸುಶಿಕ್ಷಿತರೂ ಉಪಾಧ್ಯಾಯರೂ ಆ ಕರಡನ್ನು ತರಿಸಿ ಓದಿ, ತಮ್ಮ ತಾಲೂಕಿನ ಜನಸಂಖ್ಯೆಯನ್ನು ಎಣಿಸಿ, ನೆರೆಹೊರೆಯವರಿಗೆ ತಿಳಿಸಿ, ಅವಶ್ಯವಿದ್ದರೆ ಅರ್ಜಿ ಬರೆಯಲಿ. ಒಂದಾಗುವುದಕ್ಕೆ ಇಷ್ಟು ಶ್ರಮಪಟ್ಟ ಜನರು ತಮ್ಮ ಸಭೆಯ ಲೆಕ್ಕವನ್ನು ಪರರಿಗೆ ಬಿಟ್ಟುಕೊಡಲಾಗದು.