ಮೊದಲ ಸಲದ ಫೋಟೋ ಅದಾವ, ಕಡೀ ಸಲದ್ದು ಎಲ್ಲೈತಿ?

(1/5)

ಸಾಂಬ್ರಾದಾಗ ಥಂಡಿ ಶುರು ಆತು. ಮುಂಜಾನೆ ಬಾಗಲಾ ತೆಗೆದ್ರ ರನ್‌ವೇ ಕಡೆ ಬರೀ ಮಂಜು. ಟ್ರಂಕಿನಿಂದ ಸ್ವೆಟರ್ ಹೊರಗ ಬಂದಾವ. ಮಗನ ಸ್ವೆಟರ್ ಹೋದ ವರ್ಷದ್ದು, ತೋಳು ಮೊಳಕೈಗೇ ನಿಂತೈತಿ.

ಮೊದಲನೇ ಫೋಟೋ ನಮ್ಮ ಅಡಗಿಮನಿ ಕ್ಯಾಲೆಂಡರ್. 2024ರ ಡಿಸೆಂಬರ್ ಪುಟ. ಬೇಕಂತಲೇ ಹರಿದು ಇಟ್ಕೊಂಡೀನಿ. ನೋಡ್ರಿ, ಒಂದು ಚೌಕ ಖಾಲಿ ಇಲ್ಲ. ಮಗಳ ಕಬಡ್ಡಿ ಮ್ಯಾಚ್. ಮಗನ ಶಾಲಿ ಗ್ಯಾದರಿಂಗ್, ಅದಕ್ಕ ಹಳದಿ ಧೋತರ ಬಾಡಗಿ ತರೂದು. ಪ್ರವಾಸದ ರೊಕ್ಕ ಕಟ್ಟೂದು. ನನ್ನ ಆಫೀಸಿನ ಆಡಿಟ್. ನಮ್ಮನಿಯವರು ವಿಮಾನ ನಿಲ್ದಾಣದ ಟ್ಯಾಕ್ಸಿ ಓಡಸ್ತಾರ. ಡಿಸೆಂಬರ್ 9ರಿಂದ ಸುವರ್ಣ ವಿಧಾನಸೌಧದಾಗ ಅಧಿವೇಶನ, ಅದರ ಬೆನ್ನಿಗೇ 1924ರ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕ ನೂರು ವರ್ಷದ ಕಾರ್ಯಕ್ರಮ. ಊರೆಲ್ಲಾ ದೀಪ, ರಸ್ತೆಲ್ಲಾ ಗಾಡಿ. ಅವರು ಮನೀಗೆ ಬರೂದೇ ರಾತ್ರಿ ಹನ್ನೊಂದಕ್ಕ.

ಈಗ ಅದೇ ಪುಟದಾಗ ನಮ್ಮ ಅತ್ತಿ ಎಲ್ಲಿ ಅದಾರ ಹುಡುಕ್ರಿ. ಸಿಗ್ತಾರ, ಒಂದೇ ಕಡೆ. 5ನೇ ತಾರೀಖು: "ಅತ್ತಿ ಬಿಪಿ ಗುಳಗಿ". ಅಷ್ಟೇ.

ಅದಕ್ಕ ಈ ಸಲದ ಚಳಿಗಾಲದ ಸರಣಿಯಾಗ ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮಂಥ ಓಡಾಟದ ಮನೆಗಳು ಮಕ್ಕಳ "ಮೊದಲ ಸಲ"ಗಳನ್ನ ತಾರೀಖು ಹಾಕಿ ಕಾಯ್ದಿಟ್ಕೋತಾವ. ಹಿರಿಯರ "ಕಡೀ ಸಲ"ಗಳು ಅದೇ ಮನೆಯಾಗ, ಅದೇ ವಾರದಾಗ, ಯಾರ ಕಣ್ಣಿಗೂ ಬೀಳದಂಗ ದಾಟಿ ಹೋಗ್ತಾವ. ಇದು ತಪ್ಪು. ಪುರುಸೊತ್ತಿಲ್ಲ ಅನ್ನೂದು ಅದಕ್ಕ ಕಾರಣ ಅಲ್ಲ, ನೆಪ.

(2/5)

ಎರಡನೇ ಫೋಟೋದಾಗ ಮಗ ಒಂದು ಕಣ್ಣು ಮುಚ್ಚಿ, ನಾಲಿಗಿ ಹೊರಗ ಹಾಕಿ, ಸೂಜಿಗೆ ದಾರ ಪೋಣಸ್ಲಿಕತ್ಯಾನ. ಎರಡನೇ ಇಯತ್ತೆ ಹುಡುಗ. ಅವತ್ತು ನಾ ಎಷ್ಟು ಹಿಗ್ಗಿದ್ದೆ ಅಂದ್ರ, ಆಗಿಂದಾಗ ಸ್ಟೋರಿ ಹಾಕಿದ್ದೆ: "ಮೊದಲ ಸಲ ಸೂಜಿಗೆ ದಾರ ಹಾಕಿದ ನನ್ನ ಬಂಗಾರ!" ಎಂಬತ್ತು ಹಾರ್ಟ್ ಬಂದಿದ್ದವು.

ಫೋಟೋದ ಎಡಕ್ಕ ಒಂದು ಮೊಣಕಾಲು, ಅದರ ಮ್ಯಾಲೆ ಅರ್ಧ ಹೊಲಿದ ಕೌದಿ ಕಾಣ್ತೈತಿ. ಅದು ಅತ್ತಿ. ಮುಖ ಫ್ರೇಮಿನಾಗ ಬಂದಿಲ್ಲ.

ನಮ್ಮ ಅತ್ತಿ ಪ್ರತಿ ಚಳಿಗಾಲಕ್ಕ ಒಂದು ಕೌದಿ ಹೊಲೀತಾರ. ಹಳೇ ಸೀರಿ ಪದರ ಪದರ ಹಾಸಿ, ಮ್ಯಾಲೆ ತುಂಡು ಅರಿವಿ ಜೋಡಿಸಿ, ಮಧ್ಯಾಹ್ನದ ಬಿಸಿಲಿಗೆ ಕಟ್ಟಿ ಮ್ಯಾಲೆ ಕೂತು ಸಣ್ಣ ಸಣ್ಣ ಹೊಲಿಗಿ. ಮಗಳು ಹುಟ್ಟಿದಾಗ ಒಂದು, ಮಗ ಹುಟ್ಟಿದಾಗ ಒಂದು. ಅಂಗಡಿ ಬ್ಲಾಂಕೆಟ್ ಎಷ್ಟು ತಂದ್ರೂ ಮಕ್ಕಳಿಗೆ ನಿದ್ದಿ ಬರೂದು ಆ ಕೌದಿಯಾಗೇ.

ಆ ಸ್ಟೋರಿ ಹಾಕಿ ಎರಡು ವಾರ ಆದ ಮ್ಯಾಲೆ ನನಗ ಹೊಳೀತು. ಮಗ ಯಾಕ ಸೂಜಿ ಹಿಡಿದ? ಅತ್ತಿ ಕರೆದಿದ್ರು. ಯಾಕ ಕರೆದಿದ್ರು? ಅವರಿಗೆ ದಾರ ಪೋಣಿಸ್ಲಿಕ್ಕೆ ಆಗ್ತಿರಲಿಲ್ಲ. ಕಣ್ಣು ಮಂಜಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಕೇಳಿದ್ರ, "ನಿಮಗೆಲ್ಲಾ ಗಡಿಬಿಡಿ ಇತ್ತವಾ. ಡಾಕ್ಟರ್ ಕಡೆ ಹೋಗೂದು ಅಂದ್ರ ಒಂದು ದಿನ ಹಾಳು. ಅಧಿವೇಶನ ಮುಗೀಲಿ ಅಂತ ಬಿಟ್ಟಿದ್ದೆ" ಅಂದ್ರು.

ನೋಡ್ರಿ, ಎಂಥಾ ಮಾತು. ಸರಕಾರದ ಅಧಿವೇಶನ ಮುಗಿಯೂತನಕ ಒಂದು ಮುದುಕಿ ಕಣ್ಣು ಕಾಯಬೇಕು. ಎಂಬತ್ತು ಮಂದಿ ನೋಡಿದ ಫೋಟೋದಾಗ ಆ ಸುದ್ದಿ ಇತ್ತು. ತೆಗೆದಾಕಿಗೇ ಕಾಣಲಿಲ್ಲ.

(3/5)

ಮೂರನೇ ಸ್ಲೈಡ್ ಖಾಲಿ ಐತಿ. ಆ ಫೋಟೋ ನನ್ನ ಹತ್ರ ಇಲ್ಲ.

ನನ್ನ ತವರು ಖಾನಾಪುರ. ಭತ್ತದ ಸುಗ್ಗಿ ಮುಗೀತಂದ್ರ ಅವ್ವ ಹೊಸ ಅಕ್ಕಿ, ಅವಲಕ್ಕಿ, ಒಂದಿಷ್ಟು ಗೆಣಸು ಚೀಲಕ್ಕ ತುಂಬಿ ಹೊಂಟೇಬಿಡ್ತಿದ್ಲು. ಖಾನಾಪುರದಿಂದ ಬೆಳಗಾವಿಗೆ ಒಂದು ಬಸ್ಸು, ಸಿಬಿಟಿಯಿಂದ ಸಾಂಬ್ರಾಕ್ಕ ಇನ್ನೊಂದು. ಕಂಡಕ್ಟರ್ ಮರಾಠಿಯಾಗ ಕೇಳಿದ್ರ ಮರಾಠಿ, ಕನ್ನಡದಾಗ ಕೇಳಿದ್ರ ಕನ್ನಡ. ಯಾರನ್ನೂ ಕಾಯಾಕಿ ಅಲ್ಲ.

ಮೂರು ವರ್ಷದ ಹಿಂದ ಹಂಗೇ ಬಂದ್ಲು. ಸಾಂಬ್ರಾ ಸ್ಟಾಪಿನಿಂದ ಫೋನ್ ಮಾಡಿದ್ಲು, "ಚೀಲ ಭಾರ ಆಗೇತಿ, ಯಾರರೆ ಬರ್ತೀರೇನು?" ನಾ ಮಗಳ ಗ್ಯಾದರಿಂಗ್‌ನಾಗ ಮುಂದಿನ ಸಾಲಿನಾಗ ನಿಂತು ವಿಡಿಯೋ ಮಾಡ್ಲಿಕತ್ತಿದ್ದೆ. "ಅವ್ವಾ, ಆಟೋ ಹಿಡಿದು ಬಾ" ಅಂದು ಕಟ್ ಮಾಡಿದೆ.

ಆಕಿ ಆಟೋ ಹಿಡೀಲಿಲ್ಲ. ನಡಕೊಂಡೇ ಬಂದ್ಲು. ಆಮ್ಯಾಲೆ ಮೊಣಕಾಲು ಹಿಡೀತು. ಒಬ್ಬಾಕಿನೇ ಬಸ್ಸಿನಾಗ ಬಂದಿದ್ದು ಅದೇ ಕಡೀ ಸಲ. ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ, ಆಕಿಗೂ.

ಆ ಗ್ಯಾದರಿಂಗ್ ವಿಡಿಯೋ ನನ್ನ ಫೋನಿನಾಗ ಇನ್ನೂ ಐತಿ, ನಾಲ್ಕು ನಿಮಿಷದ್ದು. ಮೂರು ವರ್ಷದಾಗ ಎರಡು ಸಲ ನೋಡಿರಬೇಕು.

ಮಗಳ ಕುಣಿತ ನೋಡಬಾರದಿತ್ತು ಅಂತ ಹೇಳ್ತಿಲ್ಲ. ಹೋಗಲೇಬೇಕಿತ್ತು. ಆದ್ರ ಅವ್ವ ಬರ್ತಾಳ ಅನ್ನೂದು ಒಂದು ವಾರ ಮೊದಲೇ ಗೊತ್ತಿತ್ತು, ಕ್ಯಾಲೆಂಡರ್‌ನಾಗ ಬರೆದಿರಲಿಲ್ಲ. ಬರೆದಿದ್ರ ಯಾರನ್ನಾದ್ರೂ ಸ್ಟಾಪಿಗೆ ಕಳಸ್ತಿದ್ದೆ. ನನ್ನ ತಪ್ಪು ಇಷ್ಟೇ, ಇಷ್ಟು ಸಣ್ಣದು. ಅದಕ್ಕೇ ಮರೆಯಾಕ ಆಗವಲ್ದು.

(4/5)

"ಇದೆಲ್ಲಾ ಭಾವುಕತೆ, ವಯಸ್ಸಾದ ಮ್ಯಾಲೆ ಎಲ್ಲಾರಿಗೂ ಆಗೂದೇ" ಅಂತ ಒಬ್ಬ ಗೆಳತಿ ಮೆಸೇಜ್ ಮಾಡಿದ್ದಳು. ಸರಿ. ಆದ್ರ ಒಂದು ಯೋಚನಿ ಮಾಡ್ರಿ.

ಮೈಲಿಗಲ್ಲು ಗುರುತಿಸೂದು ನಮಗ ಹೊಸದಲ್ಲ. ಸಂಕ್ರಾಂತಿಗೆ ಸಣ್ಣ ಮಕ್ಕಳ ತಲಿ ಮ್ಯಾಲೆ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ ಸುರೀತೀವಿ. ಅರವತ್ತಕ್ಕ ಶಾಂತಿ ಮಾಡ್ತೀವಿ. ಸಾವಿರ ಹುಣ್ಣಿಮಿ ಕಂಡವರಿಗೆ, ಅಂದ್ರ ಎಂಬತ್ತು ವರ್ಷ ದಾಟಿ ಸುಮಾರು ಹತ್ತು ತಿಂಗಳಾದವರಿಗೆ, ಸಹಸ್ರ ಚಂದ್ರ ದರ್ಶನ. ನಮ್ಮೂರಿನ ವಾಯುಪಡೆ ತರಬೇತಿ ಶಾಲೆಯಾಗ ಪರೇಡ್ ಇದ್ದ ದಿನ ದೇಶದ ಯಾವ್ಯಾವ ಮೂಲಿಯಿಂದಲೋ ತಾಯಿ-ತಂದಿ ಬರ್ತಾರ. 2023ರ ಡಿಸೆಂಬರ್‌ನಾಗ ಅಗ್ನಿವೀರ್ ವಾಯು ಹೆಣ್ಮಕ್ಕಳ ಮೊದಲ ತಂಡ ಇಲ್ಲೇ ತರಬೇತಿ ಮುಗಿಸಿತು. ಮಗಳು ಸೆಲ್ಯೂಟ್ ಹೊಡೆಯೂದು ನೋಡಾಕ ಅಷ್ಟು ದೂರದಿಂದ ಬರೂದು ದುಡ್ಡಿಗೂ ಭಾರ, ದೇಹಕ್ಕೂ ಭಾರ. ಆದ್ರೂ ಬರ್ತಾರ. ಬರಬೇಕು.

ಆದ್ರ ಈ ಎಲ್ಲಾ ಗುರುತುಗಳು ಏರೂ ಮೆಟ್ಟಿಲಿನವು, ಇಲ್ಲಾ ವಯಸ್ಸಿನ ಲೆಕ್ಕದವು. ರೊಟ್ಟಿ ಬಡಿಯೂದು ನಿಂತ ದಿನಕ್ಕ, ಒಬ್ಬರೇ ಬಸ್ ಹತ್ತೂದು ನಿಂತ ದಿನಕ್ಕ, ಸೂಜಿ ಕಣ್ಣು ಕಾಣದ ದಿನಕ್ಕ ಯಾವ ಶಾಂತಿಯೂ ಇಲ್ಲ. ಅಲ್ಲಿ ಹಿರಿಯರು ಒಬ್ಬರೇ ಇರ್ತಾರ.

ಹಂಗಂತ ಅವರ ಎದುರು ಮೊಬೈಲ್ ಹಿಡಿದು "ಇದು ನಿಮ್ಮ ಕಡೀ ಸಲ ಇರಬಹುದು" ಅನ್ನಾಕ ಆಗ್ತದೇನು? ನಾ ಒಮ್ಮೆ ಅತ್ತಿ ರೊಟ್ಟಿ ಬಡಿಯೂದು ವಿಡಿಯೋ ಮಾಡಾಕ ಹೋದೆ. "ಯಾಕವಾ, ನಾ ಎಲ್ಲಿಗರೆ ಹೊಂಟೀನೇನು?" ಅಂತ ಬೈದ್ರು. ಸರಿಯಾಗೇ ಬೈದ್ರು. ಅವರಿಗೆ ಬೇಕಾಗಿದ್ದು ವಿಡಿಯೋ ಅಲ್ಲ. ಪಕ್ಕದಾಗ ಕೂತು ಹಿಟ್ಟು ನಾದೂ ಕೈ.

ಅದಕ್ಕ ನಾ ಹೇಳೂದು ಫೋಟೋ ತೆಗೀರಿ ಅಂತಲ್ಲ. ವೇಳೆ ಕೊಡ್ರಿ ಅಂತ. ಕ್ಯಾಲೆಂಡರ್‌ನಾಗ ಒಂದು ಚೌಕ ಕೊಡ್ರಿ.

(5/5)

ಕಡೀ ಫೋಟೋ 2024ರ ಡಿಸೆಂಬರ್ 30ರದ್ದು. ಸೋಮವಾರ, ಎಳ್ಳ ಅಮಾಸಿ.

ಮಾಜಿ ಪ್ರಧಾನಿ ಮನಮೋಹನ ಸಿಂಗ್ ಅವರು ತೀರಿಕೊಂಡಿದ್ದರಿಂದ 27ರ ಸಮಾವೇಶ ಮುಂದಕ್ಕ ಹೋಗಿತ್ತು. ನಮ್ಮನಿಯವರ ಬಾಡಗಿಗಳೂ ಹೋಗಿದ್ದವು. ಕೈ ಖಾಲಿ ಮಾಡ್ಕೊಂಡು ಕೂತಿದ್ರು. ಸೋಮವಾರ ಮಕ್ಕಳಿಗೆ ಶಾಲಿ, ನನಗ ಆಫೀಸು. ಸೂಜಿ ಸುದ್ದಿ ಗೊತ್ತಾಗಿ ಎರಡೇ ದಿನ ಆಗಿತ್ತು. "ಮಕ್ಕಳಿಗೆ ಸೂಟಿ ಹಾಕಸ್ತೀನಿ, ನಾನೂ ಹಾಕ್ತೀನಿ. ಹೊಲಕ್ಕ ಹೋಗೂಣು" ಅಂದೆ. ಅತ್ತಿ ನಂಬಲಿಲ್ಲ.

ಹಿಂದಿನ ರಾತ್ರಿನೇ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಮುಂಜಾನೆ ಎಣಗಾಯಿ ಬದನಿಕಾಯಿ, ಪುಂಡಿಪಲ್ಯ, ಮೊಸರನ್ನ. ರೊಟ್ಟಿ ಬಡಿದಾಕಿ ನಾನು, ಬೇಯಿಸಿದವರು ನಮ್ಮನಿಯವರು, ಇಬ್ಬರಿಗೂ ಬೈದವರು ಅತ್ತಿ. ಹೊಲದಾಗ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರಂತ ಪೂಜಿ ಮಾಡಿ, ಜ್ವಾಳದ ಬೆಳಿಯಾಗ ಚರಗ ಚೆಲ್ಲಾಕ ನಿಂತ್ವಿ. ಮುಂದ ಅತ್ತಿ ಬುಟ್ಟಿ ಹಿಡಿದು, ಹಿಂದ ಮಗ ತಂಬಿಗಿ ನೀರು ಹಾಕ್ಕೋತ. ಅರ್ಧ ಹೊಲಕ್ಕ ಅತ್ತಿ ನಿಂತ್ರು. ಏನೂ ಮಾತಾಡದ ಬುಟ್ಟಿ ಮಗಳ ಕೈಗೆ ಕೊಟ್ರು. ಉಳಿದರ್ಧ ಆಕಿ ಚೆಲ್ಲಿದ್ಲು. ಬದುವಿನ ಮ್ಯಾಲೆ ಕೂತು ಅತ್ತಿ ಅಲ್ಲಿಂದಲೇ ಕೂಗಿ ಹೇಳ್ತಿದ್ರು, "ಮೂಲಿ ಬಿಡಬ್ಯಾಡ, ಮೂಲಿಗೂ ಹಾಕು!" ಮ್ಯಾಲೆ ವಿಮಾನ ಇಳೀತಿತ್ತು, ಏನೂ ಕೇಳಸಲಿಲ್ಲ. ಆದ್ರೂ ಆಕಿ ಮೂಲಿಗೂ ಹಾಕಿದ್ಲು.

ಆಗ ನಾ ನೋಡ್ತಿದ್ದೆ. ಇಷ್ಟೇ ನನ್ನ ಸಾಧನಿ. ಈ ಸಲ ನಾ ಅಲ್ಲಿ ಇದ್ದೆ.

ಸಂಕ್ರಾಂತಿ ಆದ ವಾರಕ್ಕ ಕಣ್ಣಿನ ಡಾಕ್ಟರಿಗೆ ತೋರಿಸಿದ್ವಿ. ಪೊರಿ ಇತ್ತು, ತೆಗೆಸಿದ್ವಿ. ಸೂಜಿ ಈಗ ಮತ್ತ ಅತ್ತಿ ಕೈಯಾಗ ಐತಿ. ಎಲ್ಲಾ ಕಡೀ ಸಲಗಳೂ ಕಡೀ ಆಗಬೇಕಂತಿಲ್ಲ ರೀ. ಕೆಲವನ್ನ ವೇಳೆಕ್ಕ ನೋಡಿದ್ರ ಹಿಂದಕ್ಕ ತರಬಹುದು. ನಾ ಇಷ್ಟು ಉದ್ದ ಬರೆಯಾಕ ಅದೇ ಕಾರಣ.

2025ರ ಎಳ್ಳ ಅಮಾಸಿ ಡಿಸೆಂಬರ್ 19, ಶುಕ್ರವಾರ. ಅಧಿವೇಶನ 8ರಿಂದ ಐತಿ, ಟ್ಯಾಕ್ಸಿಗೆ ಸುಗ್ಗಿ. ಆದ್ರೂ 19ಕ್ಕ ಬಾಡಗಿ ಇಲ್ಲ ಅಂತ ನಮ್ಮನಿಯವರು ಈಗಲೇ ಹೇಳ್ಯಾರ. 18ಕ್ಕ ಖಾನಾಪುರಕ್ಕ ಹೋಗಿ ಅವ್ವನ್ನ ಕರಕೊಂಡು ಬರೂದು, ಚೀಲ ಎತ್ತೂದು ನನ್ನ ಕೆಲಸ. ಎರಡೂ ಚೌಕ ಕೆಂಪು ಪೆನ್ನಿನಾಗ ಬರದೀನಿ. ಗ್ಯಾದರಿಂಗ್ ತಾರೀಖು ಆಮ್ಯಾಲೆ ಬರೀತೀನಿ.

ನಿಮ್ಮ ಮನಿ ಕ್ಯಾಲೆಂಡರ್‌ನಾಗ ಹಿರಿಯರ ಹೆಸರು ಗುಳಗಿ ಬಿಟ್ಟು ಬ್ಯಾರೆ ಯಾವುದಕ್ಕ ಐತಿ? ಒಮ್ಮೆ ಎದ್ದು ನೋಡಿ ಬಂದು, ಕೆಳಗ ಬರೀರಿ.

#ಸಾಂಬ್ರಾ #ಬೆಳಗಾವಿ #ಖಾನಾಪುರ #ಎಳ್ಳಅಮಾಸಿ #ಕೌದಿ #ಚಳಿಗಾಲದಮನಿ