ಮಠ ಮರವಾದೀತು, ಜೋಕೆ!

ಮಕ್ಕಳೇ, ಒಂದು ಒಗಟು. ಮಠದ ಹೊಟ್ಟೆಯೊಳಗಿನ ಚುಕ್ಕೆ ಅಳಿಸಿದರೆ ಏನು ಉಳಿಯುತ್ತದೆ? ಮರ! ಧನದ ಕಾಲಿನ ಸೀಳು ಮುಚ್ಚಿದರೆ? ದನ! ಅಜ್ಜ ಅಜ್ಜಿಯರೇ, ನಗಬೇಡಿ. ನಮ್ಮ ವಯಸ್ಸಿನ ಕಣ್ಣಿಗೆ ಈ ಮೋಸ ದಿನವೂ ಆಗುತ್ತಿದೆ. ಅಂಗಡಿ ಬೋರ್ಡು, ಬ್ಯಾನರು, ಲಗ್ನಪತ್ರಿಕೆ, ಎಲ್ಲದಕ್ಕೂ ಈಗ ದಪ್ಪ ಅಕ್ಷರವೇ ಬೇಕು. ದಪ್ಪಗಿದ್ದರೆ ದೂರದಿಂದ ಕಾಣುತ್ತದೆ ಎಂಬ ನಂಬಿಕೆ. ಕಾಣುವುದೇನೋ ನಿಜ, ಓದಲು ಬರುತ್ತದೆಯೇ ಎನ್ನುವುದು ಬೇರೆ ಮಾತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಮೇಜಿನ ಮೇಲೆ 'ಠೇವಣಿ' ಎಂಬ ರಬ್ಬರ್ ಸ್ಟಾಂಪು ಇತ್ತು. ಶಾಯಿ ಒಣಗಿ ತುಂಬಿಕೊಂಡರೆ ಠ ಹೋಗಿ ಒಂದು ಕಪ್ಪು ಉಂಡೆ ಬೀಳುತ್ತಿತ್ತು. ಗುಂಡುಸೂಜಿಯಿಂದ ಕೆದಕಿ ಸರಿಮಾಡಬೇಕು. ಜೋರಾಗಿ ಕೆದಕಿದರೆ ಚುಕ್ಕೆಯೇ ಕಿತ್ತುಬಂದು 'ರೇವಣಿ' ಆಗುವ ಭಯ! ಅಕ್ಷರವನ್ನು ಓದಿಸುವುದು ಬರೀ ಕಪ್ಪು ಗೆರೆಯಲ್ಲ, ಅದರೊಳಗಿನ ಬಿಳಿ ಜಾಗವೂ ಹೌದು. ಗೆರೆ ದಪ್ಪವಾದಷ್ಟೂ ಆ ಬಿಳಿ ಕರಗುತ್ತದೆ. ಘ, ಷ, ಋ, ಕ್ಷ ಇವಕ್ಕೆ ಮೊದಲೇ ಹೊಟ್ಟೆಯಲ್ಲಿ ಜಾಗ ಕಡಿಮೆ.

ಇಂಗ್ಲಿಷ್ ಅಕ್ಷರಗಳ ತುದಿಗೆ ಸಣ್ಣ ಪಾದಗಳಿರುವುದನ್ನು ಪುಸ್ತಕಗಳಲ್ಲಿ ನೋಡಿರುತ್ತೀರಿ. ಅದಕ್ಕೆ ಸೆರಿಫ್ ಎಂದು ಹೆಸರು. ಪಾದವಿಲ್ಲದ್ದು ಸಾನ್ಸ್ ಸೆರಿಫ್. ಇಂಥ ಅಚ್ಚಕ್ಷರವನ್ನು 1816ರಲ್ಲಿ ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ತನ್ನ ಮಾದರಿ ಪುಸ್ತಕದಲ್ಲಿ ತೋರಿಸಿದ, ಅದೂ ಬರೀ ದೊಡ್ಡಕ್ಷರಗಳಲ್ಲಿ. ಮರುವರ್ಷ, 1817ರಲ್ಲಿ, ಬಂಗಾಳದ ಸೇರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ನಮ್ಮ ಬಳ್ಳಾರಿಗೂ ಈ ಕಥೆಯಲ್ಲಿ ಪಾಲಿದೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ವು ಮರುವರ್ಷ ಅಚ್ಚುಮೊಳೆಯ ಆಸೆಗೆ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಆಯಿತು. ಇದನ್ನು ನಮ್ಮೂರಿನವರಿಗೇ ಹೇಳಿದರೆ ಹೌದಾ ಅನ್ನುತ್ತಾರೆ!

ಕನ್ನಡದ ಅಕ್ಷರಗಳಿಗೆ ಪಾದವಿಲ್ಲ, ತಲೆಕಟ್ಟು ಇದೆ. ಆದ್ದರಿಂದ ನಮ್ಮಲ್ಲಿ ಸಾನ್ಸ್ ಎಂದರೆ ಗೆರೆಯ ದಪ್ಪ ಎಲ್ಲ ಕಡೆ ಒಂದೇ ಸಮ ಕಾಣಬೇಕು, ಅಲಂಕಾರ ಇರಬಾರದು. ಕಾಣಬೇಕು ಎಂದೆ, ಇರಬೇಕು ಎನ್ನಲಿಲ್ಲ. ಗೆರೆಗೆ ಗೆರೆ ಕೂಡುವ ಮೂಲೆಯಲ್ಲಿ ಜಾಣ ವಿನ್ಯಾಸಕಾರರು ಗುಟ್ಟಾಗಿ ಸ್ವಲ್ಪ ಸಪೂರ ಮಾಡಿರುತ್ತಾರೆ. ಇಲ್ಲದಿದ್ದರೆ ಅಲ್ಲಿ ಮಸಿ ಚೆಲ್ಲಿದಂತೆ ಕಾಣುತ್ತದೆ.

ಹೀಗೆ ಜಾಣತನದಿಂದ ಮಾಡಿದ್ದಕ್ಕೆ ಒಂದು ಉದಾಹರಣೆ 'ಬಾಲೂ ತಮ್ಮ'. ಮುಂಬೈಯ ಏಕ್ ಟೈಪ್ ಎಂಬ ತಂಡ 2016ರ ಸುಮಾರಿಗೆ ತಂದ ಅಕ್ಷರ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಬಾಲೂ ಎಂದರೆ ಕರಡಿ. ಅಕ್ಷರವೂ ಹಾಗೇ, ದಪ್ಪ, ದುಂಡು, ಮೆತ್ತಗೆ. ಭಾರತದ ಬೇರೆ ಬೇರೆ ಲಿಪಿಗಳಲ್ಲಿ ಅದಕ್ಕೆ ಒಡಹುಟ್ಟಿದವರಿದ್ದಾರೆ. ತೆಲುಗಿನಲ್ಲಿ ಬಾಲೂ ತಮ್ಮುಡು, ತಮಿಳಿನಲ್ಲಿ ತಂಬಿ, ಮಲಯಾಳದಲ್ಲಿ ಚೇಟ್ಟನ್, ಗುರುಮುಖಿಯಲ್ಲಿ ಪಾಜಿ, ಬಂಗಾಳಿಯಲ್ಲಿ ದಾ. ಹೆಸರಿಟ್ಟವರ ತಲೆಗೆ ಭೇಷ್ ಅನ್ನಬೇಕು! ಮನೆಯೊಳಗೆ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಆಡುವ ಬಳ್ಳಾರಿಯವರಿಗೆ ತಮ್ಮನೂ ತಮ್ಮುಡೂ ಒಂದೇ ಬೋರ್ಡಿನ ಮೇಲೆ ಜೊತೆಯಾಗಿ ಕೂತರೆ ಎಷ್ಟು ಚೆಂದ! ಎರಡರಲ್ಲೂ ಒಂದೇ ದಪ್ಪ, ಒಂದೇ ಮುಖಚಹರೆ. ಒಬ್ಬ ದೊಡ್ಡವ, ಒಬ್ಬ ಸಣ್ಣವ ಎಂಬ ಜಗಳ ಇಲ್ಲ.

ಇನ್ನು ಒತ್ತಕ್ಷರ. 'ಕುರುಗೋಡು' ಬರೆಯುವುದು ಸುಲಭ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. 'ಪಾರ್ವತಿನಗರ'ದ ಅರ್ಕಾವತ್ತು ಪಕ್ಕಕ್ಕೆ ಕೂರುತ್ತದೆ, ತೊಂದರೆ ಇಲ್ಲ. 'ಸಿರುಗುಪ್ಪ', 'ಬಳ್ಳಾರಿ' ಬಂದಾಗ ನೆಲಮಾಳಿಗೆ ಬೇಕು. 'ಸ್ತ್ರೀ' ಎಂದರೆ ಇನ್ನೂ ಕೆಳಗೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬಳ್ಳಾರಿ ಎಂದು ಬರೆದರೆ ಎಲ್ಲವೂ ಒಂದೇ ಎತ್ತರ, ತಗಡಿನ ಅಂಚಿನಿಂದ ಅಂಚಿಗೆ ತುಂಬಬಹುದು. ಕನ್ನಡದಲ್ಲಿ ಒತ್ತಿಗೆ ಜಾಗ ಬಿಡಬೇಕಾದ್ದರಿಂದ ಮೇಲಿನ ಅಕ್ಷರ ಕುಗ್ಗುತ್ತದೆ. ಕುಗ್ಗಿದ್ದನ್ನು ಮುಚ್ಚಿಕೊಳ್ಳಲು ದಪ್ಪ ಮಾಡುತ್ತಾರೆ, ಆಗ ಹೊಟ್ಟೆ ಕಟ್ಟುತ್ತದೆ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂದಿದೆ, ಒಳ್ಳೆಯದೇ. ಆದರೆ ತಗಡಿನ ಲೆಕ್ಕ ಸರಿಹೋದ ಮಾತ್ರಕ್ಕೆ ಓದಿನ ಲೆಕ್ಕ ಸರಿಹೋಗುವುದಿಲ್ಲ. ಬ್ಯಾಂಕಿನವನ ಮಾತು ಇದು, ಬ್ಯಾಲೆನ್ಸ್ ಬೇರೆ, ಬಡ್ಡಿ ಬೇರೆ!

ಔಷಧದ ಅಂಗಡಿ, ಆಸ್ಪತ್ರೆಯ ಬಾಗಿಲು, ಬಸ್ಸಿನ ಹಣೆ, ಈ 3 ಕಡೆಯಾದರೂ ಶೋಕಿ ಬೇಡ ಎಂದು ನನ್ನ ವಾದ. ಪುಸ್ತಕದ ಒಳಪುಟಕ್ಕಂತೂ ಕರಡಿ ಅಕ್ಷರ ಬೇಡವೇ ಬೇಡ. ಅದು ತಲೆಬರಹಕ್ಕೆ ಹುಟ್ಟಿದ್ದು. ಸಣ್ಣದಾಗಿ ಅಚ್ಚು ಹಾಕಿದರೆ ಸಾಲಿಗೆ ಸಾಲೇ ಕಪ್ಪು ಇರುವೆಯ ಹಿಂಡಾಗುತ್ತದೆ.

ಶಾಲೆಯ ರಾಜ್ಯೋತ್ಸವಕ್ಕೆ ಬ್ಯಾನರ್ ಬರೆಯುವ ಮಕ್ಕಳು ಈ ಭಾನುವಾರ ಒಂದು ಪರೀಕ್ಷೆ ಮಾಡಿ. ದಪ್ಪ ಸ್ಕೆಚ್ ಪೆನ್ನಿನಿಂದ 1 ಅಂಗುಲ ಎತ್ತರಕ್ಕೆ ಮಠ, ಮರ, ಧನ, ದನ, ಬಳ್ಳಾರಿ ಎಂದು ಬೇರೆ ಬೇರೆ ಚೀಟಿಗಳಲ್ಲಿ ಬರೆಯಿರಿ. ಚೀಟಿ ಕಲಸಿ, 10 ಹೆಜ್ಜೆ ದೂರ ನಿಂತು ಒಂದೊಂದೇ ಎತ್ತಿ ಅಜ್ಜಿಗೆ ತೋರಿಸಿ. ಕನ್ನಡಕ ಹಾಕಿಕೊಂಡೇ ಇರಲಿ, ತಂಟೆ ಮಾಡಬೇಡಿ. ಅಜ್ಜಿ ಮಠಕ್ಕೆ ಮರ ಎಂದರೆ ಅಜ್ಜಿಯನ್ನು ಬೈಯದೆ ಅಕ್ಷರ ದೊಡ್ಡದು ಮಾಡಿ. ಕಾಗದ ಸಾಲದಿದ್ದರೆ ಸಪೂರ ಪೆನ್ನು ತೆಗೆದುಕೊಳ್ಳಿ.