ಎಂಜಿನ್‌ಗೆ ಕೈ ಹಾಕುವ ಮೊದಲು

ಮಾಯಸಂದ್ರದ ನನ್ನ ಗ್ಯಾರೇಜಿಗೆ ಬರುವ ಹುಡುಗರದು ಒಂದೇ ಪ್ರಶ್ನೆ: “ಅಣ್ಣ, ಪವರ್ ಎಷ್ಟು ಏರಿಸಬಹುದು?” ಹಳೆಯ ಎಸ್ಟೀಮೋ ಇಟಿಯೋಸೋ ತಂದಿರುತ್ತಾರೆ. ಸೈಲೆನ್ಸರ್ ಬದಲಾಯಿಸಿಕೊಂಡು ರಾತ್ರಿ ತುರುವೇಕೆರೆ ರಸ್ತೆಗೆ ಇಳಿಯುತ್ತಾರೆ. ಪೊಲೀಸರು ಹಿಡಿದು ದಂಡ ಹಾಕುತ್ತಾರೆ, ಹಾಕಲೇಬೇಕು. ಆದರೆ ದಂಡ ಕಟ್ಟಿದ ಹುಡುಗ ಮುಂದೆ ಎಲ್ಲಿ ಓಡಿಸಬೇಕು, ಏನು ಕಲಿಯಬೇಕು ಎಂದು ಹೇಳುವವರಿಲ್ಲ. ಅವರಿಗೆ ರೇಸ್ ಕಾರು ಕಟ್ಟುವುದನ್ನು ಕ್ರಮವಾಗಿ ಕಲಿಸಬೇಕು, ಓಡಿಸಲು ಟ್ರ್ಯಾಕ್ ಕೊಡಬೇಕು ಎಂಬುದು ನನ್ನ ವಾದ.

ಮಾರುಕಟ್ಟೆಯ ಸೆಡಾನ್ ಕಾರನ್ನೇ ರೇಸಿಗೆ ಸಜ್ಜುಗೊಳಿಸುವುದು ಹೊಸದೇನಲ್ಲ. ಬ್ರಿಟನ್‌ನಲ್ಲಿ ಇಂಥ ಕಾರುಗಳ ರಾಷ್ಟ್ರೀಯ ಸ್ಪರ್ಧೆ 1958ರಲ್ಲೇ ಶುರುವಾಯಿತು. ನಮ್ಮಲ್ಲಿ ಎಸ್ಟೀಮ್, ಹೋಂಡಾ ಸಿಟಿಗಳು ವರ್ಷಗಟ್ಟಲೆ ಟ್ರ್ಯಾಕ್ ಆಳಿದವು. ಬಿಡದಿಯಲ್ಲಿ ತಯಾರಾದ ಟೊಯೋಟಾ ಇಟಿಯೋಸನ್ನೇ ನೋಡಿ. 2010ರ ಡಿಸೆಂಬರ್‌ನಲ್ಲಿ ಬಂದ ಆ ಕಾರಿಗೆ ಒಂದೂವರೆ ಲೀಟರ್ ಎಂಜಿನ್, 90 ಪಿಎಸ್ ಶಕ್ತಿ. ಬೆಂಗಳೂರಿನ ಟ್ಯಾಕ್ಸಿಯವರು ಮೆಚ್ಚಿದ ಕಾರು. ಅದನ್ನೇ ರೇಸಿಗೆ ಅಣಿಮಾಡಿ, ಎಲ್ಲರಿಗೂ ಒಂದೇ ಬಗೆಯ ಕಾರು ಕೊಟ್ಟು ಕಂಪನಿಯವರು ‘ಇಟಿಯೋಸ್ ಮೋಟಾರ್ ರೇಸಿಂಗ್’ ನಡೆಸಿದರು. ಮದುವೆಗೂ ಆಸ್ಪತ್ರೆಗೂ ಹೋಗುವ ಕಾರೇ ರೇಸಿಗೂ ಹೋಗುತ್ತದೆ. ಇಂಥ ಟೂರಿಂಗ್ ಕಾರ್ ರೇಸಿನಲ್ಲಿ ನನಗೆ ಇಷ್ಟವಾಗುವುದು ಅದೇ.

ನಾನು ಕೆಲಸ ಕಲಿತದ್ದು ಕೊಯಮತ್ತೂರಿನ ರೇಸ್ ವರ್ಕ್‌ಶಾಪಿನಲ್ಲಿ. ಅಲ್ಲಿ ಎಂಜಿನ್‌ಗೆ ಕೈ ಹಾಕುವುದು ಕಟ್ಟಕಡೆಗೆ. ಮೊದಲು ಸೀಟು, ಎಸಿ, ಕಾರ್ಪೆಟ್, ನೆಲಕ್ಕೆ ಅಂಟಿಸಿದ ಡಾಂಬರು ಹಾಳೆ ಎಲ್ಲ ಕಿತ್ತು ಬಾಡಿಯನ್ನು ಬೋಳು ಮಾಡಬೇಕು. ಆಮೇಲೆ ರೋಲ್ ಕೇಜ್, ಅಂದರೆ ಕಾರು ಪಲ್ಟಿಯಾದರೆ ಡ್ರೈವರನ್ನು ಕಾಯುವ ಉಕ್ಕಿನ ಪೈಪಿನ ಪಂಜರ. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಡ್ರೈವರ್ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸದ, 2.5 ಮಿ.ಮೀ. ದಪ್ಪದ ಸೀಮ್‌ಲೆಸ್ ಉಕ್ಕಿನ ಪೈಪ್ ಬೇಕು, ಇಲ್ಲವೇ 50ಕ್ಕೆ 2. ಕೇಜಿನ ಕಾಲು ಊರುವ ಕಡೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತೀರ್ಣದ ಪ್ಲೇಟ್. ಪ್ರತಿ ಜಾಯಿಂಟಿಗೂ ಸುತ್ತ ವೆಲ್ಡಿಂಗ್ ಆಗಬೇಕು. ಛಾವಣಿಗೆ ಒತ್ತಿದ ಮೇಲಿನ ಬದಿಗೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ. ಅದಕ್ಕೆ ಬಲ್ಲವರು ನೆಲದಲ್ಲಿ ತೂತು ಮಾಡಿ ಕೇಜನ್ನು ಕೆಳಕ್ಕೆ ಇಳಿಸುತ್ತಾರೆ, ಮೇಲಿನ ಜಾಯಿಂಟ್ ಪೂರ್ತಿ ವೆಲ್ಡ್ ಮಾಡುತ್ತಾರೆ, ಮತ್ತೆ ಎತ್ತಿ ಪ್ಲೇಟಿನ ಮೇಲೆ ಕೂರಿಸುತ್ತಾರೆ. ಗೇಟು, ಗ್ರಿಲ್ಲಿನ ಪೈಪಿನಿಂದ ಕೇಜ್ ಮಾಡಿಕೊಡಿ ಎಂದು ಕೇಳಿದವರಿದ್ದಾರೆ. ನಾನು ಮಾಡಿಕೊಟ್ಟಿಲ್ಲ. ಕಾರು ಪಲ್ಟಿಯಾದರೆ ಅದು ಮಡಚಿಕೊಂಡು ಡ್ರೈವರ್ ಮೇಲೆಯೇ ಬರುತ್ತದೆ.

ಆಮೇಲೆ ಬ್ರೇಕು. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ತಡೆಯುತ್ತದೆ, ನೀರು ಹೀರಿಕೊಂಡ ಮೇಲೆ 140ಕ್ಕೂ ಕುದಿಯಬಹುದು. ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಪವರ್ ಕೇಳಿ ಬಂದವರಿಗೆ ನಾನು ಮೊದಲು ತೋರಿಸುವುದು ಅವರದೇ ಕಾರಿನ ಕಪ್ಪಾದ ಬ್ರೇಕ್ ಆಯಿಲ್.

ಸಸ್ಪೆನ್ಷನ್ ಹೊಂದಿಸುವ ಕೆಲಸಕ್ಕೆ ನಮ್ಮ ಸೀಮೆಯಲ್ಲೇ ಸಾಮಾನಿದೆ. ಕೊಬ್ಬರಿ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿಗಳನ್ನು ಪರಿಚಯದ ವ್ಯಾಪಾರಿಗಳಿಂದ ತಂದು, ಗಾರೆಯವರ ನೀರಿನ ಪೈಪಿನಿಂದ ಮಟ್ಟ ನೋಡಿ, ನಾಲ್ಕು ಚಕ್ರದ ಕೆಳಗೂ ಒಂದೊಂದು ಇಡುತ್ತೇವೆ. ಡ್ರೈವರ್ ಜಾಗದಲ್ಲಿ ಅವನಷ್ಟೇ ತೂಕದ ಕೊಬ್ಬರಿ ಚೀಲ. ಎಡ ಮುಂದಿನ, ಬಲ ಹಿಂದಿನ ಚಕ್ರಗಳ ತೂಕ ಕೂಡಿದರೆ ಒಟ್ಟು ತೂಕದ ಅರ್ಧ ಬರಬೇಕು. ಬರದಿದ್ದರೆ ಕಾರು ಒಂದು ಕಡೆ ಸಲೀಸಾಗಿ ತಿರುಗಿ ಇನ್ನೊಂದು ಕಡೆ ಜಾರುತ್ತದೆ. ಸ್ಪ್ರಿಂಗಿನ ನಟ್ಟು ಒಂದು ಸುತ್ತು ತಿರುವಿದರೆ ನಾಲ್ಕೂ ತಕ್ಕಡಿಯ ಅಂಕಿ ಬದಲಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಬಿಟ್ಟ ಹುಡುಗ ಅಲ್ಲಿ ಚೀಟಿ, ಪೆನ್ನು ಹಿಡಿದು ಕೂತು ಶೇಕಡಾ ಲೆಕ್ಕ ಹಾಕುವುದನ್ನು ನೋಡಿದ್ದೇನೆ. ಯಾವ ತರಗತಿಯಲ್ಲೂ ಅವನಿಗೆ ಅಷ್ಟು ತಾಳ್ಮೆ ಇರಲಿಲ್ಲ.

ತಮಿಳುನಾಡಿನಲ್ಲಿ ರೇಸ್ ಕಾರು ಕಟ್ಟುವ ಈ ವಿದ್ಯೆ ಬೆಳೆದದ್ದು ಟ್ರ್ಯಾಕ್ ಇದ್ದುದರಿಂದ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ 1990ರದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2003ರದು. ಎಸ್. ಕರಿವರ್ಧನ್ ಅವರು ಮಾರುತಿ ಎಂಜಿನ್ ಇಟ್ಟು ಫಾರ್ಮುಲಾ ಕಾರು ಕಟ್ಟಿದ ಊರು ಅದು. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರೇ. ಬಿಡದಿಯಲ್ಲಿ ಕಾರು ಮಾಡುವ ನಮ್ಮ ರಾಜ್ಯದಲ್ಲಿ ರ‍್ಯಾಲಿಗಳಿವೆ, ಗೋ-ಕಾರ್ಟ್ ಟ್ರ್ಯಾಕ್‌ಗಳಿವೆ. ರಾಷ್ಟ್ರೀಯ ಕಾರ್ ರೇಸ್ ನಡೆಸುವಂಥ ಟ್ರ್ಯಾಕ್ ಮಾತ್ರ ಇಲ್ಲ.

ತುಮಕೂರು ಜಿಲ್ಲೆಯಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಪೈಪಿನ ಸುತ್ತ ತಪ್ಪಿಲ್ಲದೆ ವೆಲ್ಡ್ ಮಾಡಬಲ್ಲ, ಅಳತೆಗೆ ಬೆಲೆ ಕೊಡುವ ಕೈಗಳು ಅಂಥ ಕಡೆ ಬೇಕೇ ಬೇಕು. ಈ ಜಿಲ್ಲೆಯಲ್ಲಿ ಎರಡು ಕಿಲೋಮೀಟರಿನ ಸಾದಾ ಟ್ರ್ಯಾಕ್‌ಗೆ ಸರ್ಕಾರ ಜಾಗ ಕೊಡಲಿ. ಗ್ಯಾಲರಿ, ದೀಪದ ಸಾಲು ಈಗ ಬೇಡ. ಗೋಡೆ, ಆಂಬುಲೆನ್ಸ್, ಬೆಂಕಿ ಆರಿಸುವ ವ್ಯವಸ್ಥೆ ಸಾಕು. ಜಿಲ್ಲೆಯ ಪ್ರತಿ ಐಟಿಐ, ಡಿಪ್ಲೊಮಾ ಕಾಲೇಜಿಗೆ ಗುಜರಿ ಸೇರಲಿರುವ ಒಂದು ಸೆಡಾನ್ ಕೊಡಿ. ಕೇಜ್, ಸೀಟ್ ಬೆಲ್ಟ್, ಬ್ರೇಕು ಪರೀಕ್ಷೆಯಲ್ಲಿ ಪಾಸಾಗದ ಕಾರಿನ ಎಂಜಿನ್ ಬಿಚ್ಚಲು ಬಿಡಬೇಡಿ. ತಕ್ಕಡಿಗೆ ವ್ಯಾಪಾರಿಗಳನ್ನು ನಾನೇ ಕೇಳುತ್ತೇನೆ.